ದುಡ್ಡು ಕೊಟ್ಟು ಬರ ನೋಡೋಕೆ ಹೋಗಿದ್ದೆ

"ಪಾವಗಡದವನು ನೀನು. ಮರಳುಗಾಡು ನೋಡೋಕೆ ಜೈಸಲ್ಮೇರಿಗೆ ಯಾಕೆ ಹೋದೆ?"

ಹೋಗಿ ಬಂದಮೇಲೆ ಇದನ್ನು ಕೇಳದವರೇ ಇಲ್ಲ. ತುಮಕೂರಿನಲ್ಲಿ ಆಫೀಸಿನವರು ಕೇಳಿದರು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರು ಕೇಳಿದರು. ದೊಡ್ಡಮ್ಮ ಮಾತ್ರ ನನ್ನನ್ನು ಏನೂ ಕೇಳಲಿಲ್ಲ. ಊರಿಗೆಲ್ಲ ಹೇಳಿಕೊಂಡು ಬಂದರು: "ನಮ್ಮ ಹುಡುಗ ದುಡ್ಡು ಕೊಟ್ಟು ಬರ ನೋಡೋಕೆ ಹೋಗಿದ್ದ."

ಅವರ ಮಾತಿನಲ್ಲಿ ಸುಳ್ಳೇನಿಲ್ಲ. ನಮ್ಮ ತಾಲ್ಲೂಕಿನ ಹೆಸರಿಲ್ಲದ ಬರದ ಪಟ್ಟಿ ನಾನು ನೋಡಿದ್ದು ಕಡಿಮೆ. ಬೋರ್ ನೀರಲ್ಲಿ ಫ್ಲೋರೈಡ್. ನನ್ನ ಜೊತೆ ಓದಿದ ಅರ್ಧ ಜನರ ಹಲ್ಲಿನ ಮೇಲೆ ಕಂದು ಗೆರೆ. ಕಡ್ಲೆಕಾಯಿ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇರುತ್ತಿರಲಿಲ್ಲ. ತಿರುಮಣಿ ಕಡೆ ಹೋದರೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆಗಳು, 2,050 ಮೆಗಾವ್ಯಾಟ್. ರೈತರು ಹೊಲವನ್ನು ಗುತ್ತಿಗೆಗೆ ಕೊಟ್ಟು ಬಿಸಿಲು ಬೆಳೆಯುತ್ತಿದ್ದಾರೆ.

ಹೋಗುವಾಗ ನನ್ನ ಹತ್ತಿರವೂ ದೊಡ್ಡ ಕಾರಣವೇನೂ ಇರಲಿಲ್ಲ. ಮರಳು ನೋಡಬೇಕು ಅನಿಸಿತ್ತು, ಅಷ್ಟೇ. ನಮ್ಮ ಹಳ್ಳದಲ್ಲಿದ್ದ ಮರಳು ಲಾರಿ ಹತ್ತಿ ಹೋಗಿ ಎಷ್ಟೋ ವರ್ಷ ಆಯಿತಲ್ಲ.

ಬೆಂಗಳೂರಿನಿಂದ ಜೋಧಪುರಕ್ಕೆ ನೇರ ರೈಲಿದೆ. ಎರಡು ರಾತ್ರಿ. ಅಲ್ಲಿಂದ ಇನ್ನೊಂದು ರೈಲು, 1974ರಲ್ಲಿ ಮತ್ತು 1998ರಲ್ಲಿ ಅಣುಬಾಂಬು ಪರೀಕ್ಷೆ ನಡೆದ ಪೋಕರಣ್ ದಾಟಿ ಜೈಸಲ್ಮೇರಿಗೆ. ಕಿಟಕಿ ಪಕ್ಕ ಕೂತು ಈಗ ಮರಳು ಬರುತ್ತೆ, ಆಗ ಬರುತ್ತೆ ಅಂತ ಕಾದೆ. ಬಂದಿದ್ದು ಕಲ್ಲು, ಕುರುಚಲು ಗಿಡ, ಜಾಲಿ, ಅದರ ಮಧ್ಯೆ ಮೇಕೆ. ಅರೆ, ಇದು ನಮ್ಮೂರೇ ಅಲ್ವಾ! ಮರಳುಗಾಡು ಅಂದರೆ ಎಲ್ಲ ಕಡೆ ಮರಳೇ ಇರುವುದಿಲ್ಲ ಅಂತ ಗೊತ್ತಾಗೋಕೆ ಅಷ್ಟು ದೂರ ಹೋಗಬೇಕಾಯಿತು.

ಫೋಟೋದಲ್ಲಿ ಕಾಣುವ ದಿಬ್ಬಗಳು ಇರುವುದು ಸಮ್ ಅನ್ನುವ ಕಡೆ, ಪಟ್ಟಣದಿಂದ ಸುಮಾರು 40 ಕಿಲೋಮೀಟರ್. ಒಂಟೆ ಹತ್ತಿದೆ. ಸೊಂಟ ಹಿಡಿಯಿತು. ರಾತ್ರಿ ಟೆಂಟಿನಲ್ಲಿ ಮಲಗಿದರೆ ಸುತ್ತ ಹತ್ತು ಕ್ಯಾಂಪಿನ ಡಿಜೆ, ಹತ್ತೂ ಬೇರೆ ಬೇರೆ ಹಾಡು. ಜನವರಿ ಬೇರೆ. ಮರಳುಗಾಡಿಗೆ ಯಾರು ಸ್ವೆಟರ್ ತಗೊಂಡು ಹೋಗ್ತಾರೆ ಅಂತ ನಾನು ಜಂಬದಿಂದ ಬಿಟ್ಟು ಹೋಗಿದ್ದೆ. ಎರಡು ಹೊದಿಕೆ ಕೊಡುತ್ತೇವೆ ಅಂದ ಕ್ಯಾಂಪಿನವರು ಒಂದು ಕೊಟ್ಟರು. ಬೆಳಗಿನವರೆಗೂ ಹಲ್ಲು ಕಟಕಟ. ಸಮ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳೋಕೆ ನನಗೆ ಇಷ್ಟವಿಲ್ಲ.

ಕೋಟೆಯ ವಿಷಯ ಹೇಳಬೇಕು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು. ಹಳದಿ ಕಲ್ಲು, ಸಂಜೆ ಬಿಸಿಲಿಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಪಾವಗಡದ ಬೆಟ್ಟದ ಮೇಲಿನ ಕೋಟೆಯಲ್ಲಿ ಈಗ ಯಾರೂ ಇಲ್ಲ. ಇಲ್ಲಿ ಇವತ್ತಿಗೂ ಸಾವಿರಾರು ಜನ ವಾಸವಾಗಿದ್ದಾರೆ. ಒಳಗೆ ಬಟ್ಟೆ ಒಣಗಿಸುತ್ತಾರೆ, ಜಗಳ ಆಡುತ್ತಾರೆ, ಹಸು ದಾರಿಗೆ ಅಡ್ಡ ನಿಲ್ಲುತ್ತದೆ.

ಈ ಕೋಟೆಗೆ ಪೆಟ್ಟು ಬಿದ್ದಿರುವುದು ನೀರಿನಿಂದ. ಮೊದಲು ಕೆಳಗಿನ ಗಡಿಸರ್ ಕೆರೆಯಿಂದ ಬಿಂದಿಗೆಯಲ್ಲಿ ಹೊತ್ತು ತರಬೇಕಿತ್ತು. ಹೊತ್ತವರಿಗೆ ತೂಕ ಗೊತ್ತಿರುತ್ತೆ, ಒಂದು ಚೊಂಬೂ ಚೆಲ್ಲುವುದಿಲ್ಲ. ಆಮೇಲೆ ಪೈಪಿನಲ್ಲಿ ನೀರು ಬಂತು. ಮನೆಗಳು ಎಷ್ಟೋ ಹೋಟೆಲ್ ಆದವು, ಪ್ರತಿ ರೂಮಿಗೂ ಶವರ್ ಬಂತು. ಹಳೆಯ ಚರಂಡಿಗೆ ಅಷ್ಟು ನೀರು ಸಾಗಿಸೋಕೆ ಆಗಲಿಲ್ಲ. ಸೋರಿದ್ದೆಲ್ಲ ಗುಡ್ಡದ ಜೇಡಿಯೊಳಗೆ ಇಳಿಯಿತು, ಜೇಡಿ ಉಬ್ಬಿತು. ಗೋಡೆಗಳು ಬಿರುಕು ಬಿಟ್ಟವು, ಕೆಲವು ಬುರುಜುಗಳೇ ಕುಸಿದವು. ನೀರಿಲ್ಲದ ಕಾಲದಲ್ಲಿ ಎಂಟುನೂರು ವರ್ಷ ನಿಂತ ಕೋಟೆ ಇದು! ಹಾಗಂತ ಅಲ್ಲಿನ ಹೆಂಗಸರು ಮತ್ತೆ ಬಿಂದಿಗೆ ಹೊರಲಿ ಅಂತ ನಾನು ಹೇಳುವುದಿಲ್ಲ. ಬಿಂದಿಗೆ ಹೊತ್ತ ಅಮ್ಮನ ಮಗ ನಾನು.

ಮೂರನೇ ದಿನ ಒಬ್ಬ ಜೀಪಿನವನು ಸಿಕ್ಕ. ರೈತರ ಮನೆಯ ಹುಡುಗ. ಎಲ್ಲರಂತೆ ಕುಲ್ಧರಾಕ್ಕೆ ಕರೆದುಕೊಂಡು ಹೋದ. ಪಾಲಿವಾಲ್ ಬ್ರಾಹ್ಮಣರು ಬಿಟ್ಟುಹೋದ ಪಾಳು ಊರು ಅದು. ಗೈಡುಗಳು ದೆವ್ವದ ಕತೆ ಮಾರುತ್ತಾರೆ. ಜೀಪಿನವನಿಗೆ ದೆವ್ವದ ಮೇಲೆ ಆಸಕ್ತಿ ಇರಲಿಲ್ಲ. "ಅವರ ಹೊಲ ತೋರಿಸ್ತೀನಿ ಬನ್ನಿ" ಅಂದ.

ಆ ಹೊಲಕ್ಕೆ ಖಡೀನ್ ಅನ್ನುತ್ತಾರೆ. ಕಲ್ಲುಗುಡ್ಡದ ಇಳಿಜಾರು, ಕೆಳಗೆ ಅಡ್ಡಲಾಗಿ ಒಂದು ಮಣ್ಣಿನ ಏರಿ. ನೋಡಿದ ಕೂಡಲೇ ನಾನು ಕೆರೆ ಅಂದುಕೊಂಡೆ. ಕೆರೆ ಅಲ್ಲ, ಹೊಲವೇ. ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಬಂದು ಏರಿಯ ಒಳಗೆ ನಿಲ್ಲುತ್ತದೆ. ನಿಧಾನಕ್ಕೆ ಮಣ್ಣಿಗೆ ಇಳಿಯುತ್ತದೆ. ಮಿಕ್ಕಿದ್ದನ್ನು ಚಳಿಗಾಲದ ಹೊತ್ತಿಗೆ ಬಿಟ್ಟು, ಅದೇ ಹಸಿಯಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಆಮೇಲೆ ಒಂದು ಹನಿ ನೀರು ಹಾಯಿಸುವುದಿಲ್ಲ. ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಿದ್ದರೆ ಅಲ್ಲಿ ಒಳ್ಳೆಯ ವರ್ಷ. ನಮ್ಮ ಪಾವಗಡದಲ್ಲಿ ಸರಾಸರಿ 500 ದಾಟುತ್ತದೆ. ನಾನು ಮೊಬೈಲಿನಲ್ಲಿ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಎರಡೂವರೆ ಪಟ್ಟು ಮಳೆ ಬೀಳುವ ಊರಿನವನು ಅವನ ಗೋಧಿ ಹೊಲದ ಬದುವಿನ ಮೇಲೆ ನಿಂತಿದ್ದೆ.

ನೀರಿಗೆ ಅವರ ಕಡೆ ಮೂರು ಹೆಸರಿವೆ. ಮೇಲಿಂದ ಬಿದ್ದು ನಿಂತಿದ್ದು ಪಾಲರ್ ಪಾನಿ. ತೀರ ಆಳದ್ದು ಪಾತಾಳ್ ಪಾನಿ. ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ಉಳಿದಿದ್ದು ರೇಜಾಣಿ ಪಾನಿ. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ ಪದರ ಇರುತ್ತದೆ. ತೇವ ಅದನ್ನು ದಾಟಿ ಕೆಳಗಿನ ಉಪ್ಪುನೀರಿಗೆ ಸೇರುವುದಿಲ್ಲ. ಅಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಇಕ್ಕಟ್ಟಾದ ಬಾವಿ ತೋಡುತ್ತಾರೆ, ಕೂಈ ಅಂತ ಹೆಸರು. ತೇವ ಹನಿ ಹನಿಯಾಗಿ ಒಸರುತ್ತದೆ. ದಿನಕ್ಕೆ ಕೆಲವೇ ಬಿಂದಿಗೆ. ಬಾಯಿಗೆ ಮುಚ್ಚಳ.

"ನಿಮ್ಮಲ್ಲಿ ಎಷ್ಟು ಆಳ?" ಅಂತ ಕೇಳಿದ. ನನ್ನ ಹರಕು ಹಿಂದಿಯಲ್ಲಿ ಸಾವಿರ ಅಡಿ ಅಂದೆ. ನನಗೆ ಹಿಂದಿಯಲ್ಲಿ ಎಣಿಸೋಕೆ ಬರುವುದಿಲ್ಲ ಅಂದುಕೊಂಡು, ನೂರು ಅಂತ ತಿದ್ದಿದ. ಅಲ್ಲ, ಸಾವಿರವೇ ಅಂದೆ. ಅದರಲ್ಲೂ ನಮ್ಮಪ್ಪ ಕೊರೆಸಿದ ಮೂರರಲ್ಲಿ ಎರಡರಲ್ಲಿ ಬಂದಿದ್ದು ಬರೀ ಕಲ್ಲಿನ ಪುಡಿ ಅನ್ನುವುದನ್ನು ಹೇಳಲಿಲ್ಲ. ಯಾಕೋ ನಾಚಿಕೆ ಆಯಿತು.

ಬರುವಾಗ ಪೇಟೆಯಲ್ಲಿ ಕಾಲು ಕೇಜಿ ಸಾಂಗ್ರಿ ಕೊಂಡೆ. ಖೇಜಡಿ ಮರದ ಎಳೆ ಕಾಯಿ ಒಣಗಿಸಿದ್ದು. ಕೇರ್ ಅನ್ನುವ ಕಾಯಿ ಸೇರಿಸಿ ಪಲ್ಯ ಮಾಡಿ ಸಜ್ಜೆ ರೊಟ್ಟಿ ಜೊತೆ ತಿನ್ನುತ್ತಾರೆ. ಖೇಜಡಿ ಅಂದರೆ ಬೇರೇನಲ್ಲ, ನಮ್ಮ ಬನ್ನಿ. ನಾವು ವಿಜಯದಶಮಿಗೆ ಸುತ್ತು ಹಾಕಿ ಎಲೆ ಹಂಚಿ ವರ್ಷ ಪೂರ್ತಿ ಮರೆಯುವ ಮರ. ದೊಡ್ಡಮ್ಮ ಪೊಟ್ಟಣ ಬಿಚ್ಚಿ ನೋಡಿ, "ಬನ್ನಿಕಾಯಿ ತರೋಕೆ ಎರಡು ರಾತ್ರಿ ರೈಲಾ?" ಅಂದರು. ಆದರೂ ರಾತ್ರಿ ನೆನೆಹಾಕಿ, ಹುಣಸೆ ಹಿಂಡಿ ಗೊಜ್ಜು ಮಾಡಿದರು. ಚೆನ್ನಾಗಿತ್ತು.

ಊಟ ಆದಮೇಲೆ ಆ ಇಕ್ಕಟ್ಟಿನ ಬಾವಿಯ ವಿಷಯ ಹೇಳಿದೆ. ದೊಡ್ಡಮ್ಮ ಕೈ ತೊಳೆಯುತ್ತಾ, "ಅದರಲ್ಲೇನಿದೆ, ನಮ್ಮ ತಲಪರಿಗೆ ಇದ್ದಂಗೆ" ಅಂದರು. ನಮ್ಮೂರಲ್ಲಿ ತಲಪರಿಗೆ ಇತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮಧುಗಿರಿ, ಕೊರಟಗೆರೆ ಕಡೆಯ ತಲಪರಿಗೆಗಳ ಬಗ್ಗೆ ಪೇಪರಿನಲ್ಲಿ ಓದಿದ್ದೆ, ಅಷ್ಟೇ. ಮರಳು ನೆಲದಲ್ಲಿ ನಾಲ್ಕು ಅಡಿ ತೋಡಿದರೆ ನೀರು ತಾನಾಗಿ ಉಕ್ಕುತ್ತಿತ್ತಂತೆ. ಅಲ್ಲಿಂದ ಕಾಲುವೆ ಮಾಡಿ ಗದ್ದೆಗೂ ಬಿಡುತ್ತಿದ್ದರಂತೆ.

ಸಂಜೆ ಇಬ್ಬರೂ ಹಳ್ಳದ ಕಡೆ ಹೋದೆವು. ಜಾಲಿ ಸರಿಸಿ ಸರಿಸಿ ನಡೆದೆವು. ಒಂದು ಕಡೆ ದೊಡ್ಡಮ್ಮ ನಿಂತು ಚಪ್ಪಲಿ ಕಾಲಿನಲ್ಲಿ ನೆಲ ಕೆದಕಿದರು. "ಇಲ್ಲೇ. ನಾನು ಮದುವೆಯಾಗಿ ಬಂದಾಗ ಇಲ್ಲಿಂದಲೇ ನೀರು ಹೊರುತ್ತಿದ್ದದ್ದು."

"ಮತ್ತೆ ಯಾಕೆ ಬಿಟ್ಟಿರಿ?"

"ಬೋರ್ ಬಂತಲ್ಲಪ್ಪ" ಅಂದರು.