ನೆಲ ಮೊದಲೋ, ಗೋಡೆ ಮೊದಲೋ

"ನೆಲ ಮೊದ್ಲು ಕಣೇ!"

"ಇಲ್ಲ ಕಣೇ, ಗೋಡೆ ಮೊದ್ಲು!"

ಮೊನ್ನೆ ಗುರುವಾರ ಮಂಡ್ಯದ ಶಾಲೆಯೊಂದರ ಅಂಗಳದಲ್ಲಿ ಕೇಳಿದ ಜಗಳ ಇನ್ನೂ ಕಿವಿಯಲ್ಲಿದೆ. ಟೆನಿಸ್ ಚೆಂಡನ್ನು ಅಂಗೈಯಿಂದ ಗೋಡೆಗೆ ಹೊಡೆಯುವ ಆಟ. ಚೆಂಡು ಗೋಡೆಯ ಬುಡಕ್ಕೆ ಬಿದ್ದಿತ್ತು; ಮೊದಲು ನೆಲಕ್ಕೆ ತಗುಲಿದ್ದರೆ ಹೊಡೆದವಳು ಔಟ್. ಜಡೆ ಬಿಗಿದುಕೊಳ್ಳುತ್ತಿದ್ದ ಸಣ್ಣ ಹುಡುಗಿಯೊಬ್ಬಳು ತೀರ್ಪು ಕೊಟ್ಟಳು: "ಚೆಂಡು ಮೇಲಕ್ಕೆ ಎದ್ದಿಲ್ವಾ? ನೆಲ ಮೊದ್ಲು." ಹೊಡೆದವಳು ಮರುಮಾತಿಲ್ಲದೆ ಚೆಂಡು ಒಪ್ಪಿಸಿದಳು.

ಆ ಪುಟ್ಟಿಯ ಮಾತು ನೂರಕ್ಕೆ ನೂರು ಸರಿ. ಮೊದಲು ಗೋಡೆಯ ಬುಡಕ್ಕೆ ಬಡಿದ ಚೆಂಡು ನೆಲಕ್ಕಂಟಿಕೊಂಡೇ ಉರುಳಿ ಬರುತ್ತದೆ. ಮೊದಲು ನೆಲಕ್ಕೆ ತಗುಲಿದ್ದು ಗೋಡೆಗೆ ಒರೆಸಿ ಮೇಲಕ್ಕೆ ಹಾರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಾರರು, ಆಡಿ ಆಡಿ ಕಂಡುಕೊಂಡದ್ದು.

ಅಷ್ಟರಲ್ಲಿ ಮೇಷ್ಟ್ರು ಬಂದರು. "ಹೊಸ ಪೇಂಟು ಕಣ್ರಮ್ಮಾ, ಆ ಕಡೆ ಹೋಗಿ." ಆ ಕಡೆ ಬರೀ ಸಡಿಲ ಮಣ್ಣು, ಚೆಂಡು ಪುಟಿಯುವುದೇ ಇಲ್ಲ. ಅವರು ಕೆಟ್ಟವರಲ್ಲ, ಆದರೆ ಅವರ ಕಣ್ಣಿಗೆ ಕಂಡದ್ದು ಪೇಂಟು ಮಾತ್ರ. ಇಂಗ್ಲೆಂಡಿನ ಈಟನ್ ಶಾಲೆಯ ಹುಡುಗರೂ ಚಾಪೆಲ್ಲಿನ (ಶಾಲೆಯ ಪ್ರಾರ್ಥನಾ ಮಂದಿರದ) ಗೋಡೆಗೇ ಚೆಂಡು ಹೊಡೆಯುತ್ತಿದ್ದರು. 1840ರಲ್ಲಿ ಅಲ್ಲಿನ ಶಾಲೆ ಅದೇ ಗೋಡೆಮೂಲೆಯ ಆಕಾರದಲ್ಲಿ ಅಂಕಣಗಳನ್ನೇ ಕಟ್ಟಿಸಿಕೊಟ್ಟಿತು. ಈಟನ್ ಫೈವ್ಸ್ ಎಂಬ ಆಟ ಬೆಳೆದದ್ದು ಹಾಗೆ.

ನಮಗೆ ಅಷ್ಟೂ ಬೇಡ. ಅಂಗೈಯಿಂದ ಗೋಡೆಗೆ ಹೊಡೆಯುವ ಈ ಆಟಕ್ಕೆ, ಅಂದರೆ ಒಂದೇ ಗೋಡೆಯ ಹ್ಯಾಂಡ್‌ಬಾಲ್‌ಗೆ, ಗೋಡೆ 20 ಅಡಿ ಅಗಲ, 16 ಅಡಿ ಎತ್ತರ. ನೆಲ 34 ಅಡಿ ಉದ್ದ. ಗೋಡೆಯಿಂದ 16 ಅಡಿಗೆ ಒಂದು ಗೆರೆ. ಸರ್ವಿಸ್ ಮಾಡುವವರು ಚೆಂಡನ್ನು ಒಮ್ಮೆ ಪುಟಿಸಿ ಹೊಡೆಯಬೇಕು, ಅದು ಗೋಡೆಗೆ ಬಡಿದು ಆ ಗೆರೆ ದಾಟಿ ಬೀಳಬೇಕು. ಎದುರಾಳಿ ಚೆಂಡು ಎರಡನೇ ಸಲ ನೆಲಕ್ಕೆ ಬೀಳುವ ಮೊದಲೇ ವಾಪಸ್ ಹೊಡೆಯಬೇಕು. ಚೆಂಡು ಹಿಡಿದರೆ ಹಿಡಿದವರೇ ಔಟ್. 21 ಪಾಯಿಂಟಿಗೆ ಆಟ; ಪಾಯಿಂಟು ಸರ್ವಿಸ್ ಮಾಡಿದವರಿಗಷ್ಟೇ.

ಬೆರಳ ತುದಿಯಲ್ಲಿ ಹೊಡೆದರೆ ಗಂಟು ಊದಿಕೊಳ್ಳುತ್ತದೆ. ಬೆರಳು ಜೋಡಿಸಿ, ಅಂಗೈ ಕೊಂಚ ಬೊಗಸೆ ಮಾಡಿ ಹೊಡೆಯಬೇಕು. ಹೆಚ್ಚಿನ ಮಕ್ಕಳು ಸೋಲುವುದು ಎಡಗೈಯಿಂದ: ಎಡಕ್ಕೆ ಬಂದ ಚೆಂಡಿಗೂ ಬಲಗೈ ಚಾಚಲು ಹೋಗಿ ಮೈ ತಿರುಚಿಕೊಳ್ಳುತ್ತಾರೆ. ದಿನಕ್ಕೆ ಐವತ್ತು ಸಲ ಎಡಗೈಯಲ್ಲೇ ಹೊಡೆದು ಅಭ್ಯಾಸ ಮಾಡಲಿ. ಗಾರೆ ಕಿತ್ತ ಗೋಡೆಯಾದರೆ ಚೆಂಡು ದಿಕ್ಕು ತಪ್ಪುತ್ತದೆ. ಸಂಜೆ ಆಡುವುದಾದರೆ ಗೋಡೆ ಪೂರ್ವಕ್ಕಿರಲಿ, ಬಿಸಿಲು ಬೆನ್ನಿಗೆ ಬೀಳುತ್ತದೆ.

ಆ ಶಾಲೆಯ ಬಿಸಿಯೂಟದ ಅಡುಗೆಮನೆಯ ಹಿಂಗೋಡೆಗೆ ಕಿಟಕಿಯಿಲ್ಲ, ಮುಂದೆ ಸಿಮೆಂಟು ನೆಲವಿದೆ. ಎತ್ತರ ಹತ್ತಡಿ ಇದ್ದೀತು, ಮಕ್ಕಳಿಗೆ ಅಷ್ಟು ಸಾಕು. ಅದಕ್ಕೆ ಪೇಂಟೂ ಬಳಿದಿಲ್ಲ. ಅದನ್ನಾದರೂ ಬಿಟ್ಟುಕೊಡಲಿ, ಸುಣ್ಣದಲ್ಲಿ ಗೆರೆ ನಾನೇ ಎಳೆದುಕೊಡುತ್ತೇನೆ.