ಘಾಟಿ ಹತ್ತುವ ಪಿಕಪ್‌ಗೆ ಸೂಪರ್‌ಚಾರ್ಜರ್ ಬೇಕೇ?

ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಮೂಟೆ ಹೇರುವ ಡೀಸೆಲ್ ಪಿಕಪ್‌ಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ, ಕಂಪನಿಯಿಂದಲೇ ಬಂದಿರುತ್ತದೆ. ಅದರ ಮೇಲೆ ಅದೇ ಕೆಲಸ ಮಾಡುವ ಸೂಪರ್‌ಚಾರ್ಜರ್ ಕೂರಿಸುವುದು ದುಡ್ಡು ದಂಡ. ಟರ್ಬೊ ತಿರುಗುವುದು ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ. ಸೂಪರ್‌ಚಾರ್ಜರ್ ಆದರೆ ಬೆಲ್ಟಿನ ಮೂಲಕ ಎಂಜಿನ್ನಿನ ಬಲವನ್ನೇ ತಿನ್ನುತ್ತದೆ. ಬರೀ ಗಾಳಿ ಹೆಚ್ಚಾದರೆ ಎಳೆತ ಬಾರದು, ಡೀಸೆಲ್ಲನ್ನೂ ಹೆಚ್ಚಿಸಬೇಕು. ಆಗ ಎರಡನೇ ಗೇರಿನಲ್ಲಿ ಏರು ಹತ್ತುತ್ತ ಬಿಸಿ ಮಿತಿಮೀರಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲು) ಹೋಗಬಹುದು, ಕ್ಲಚ್ ಜಾರಬಹುದು. 1988ರ ಮೋಟಾರು ವಾಹನ ಕಾಯ್ದೆಯ ವಾಹನದ ಮಾರ್ಪಾಡಿಗೆ ಸಂಬಂಧಿಸಿದ 52ನೇ ಕಲಮಿನ ತೊಡಕು ಬೇರೆ.

ಎಳೆತ ಕಮ್ಮಿಯಾಗಿದೆಯೇ? ಮೊದಲು ಏರ್ ಫಿಲ್ಟರ್ ಬಿಚ್ಚಿ, ಕೆಂಧೂಳು ಕಟ್ಟಿದೆಯೇ ನೋಡಿ. ಆಮೇಲೆ ಟರ್ಬೊದ ಬಿಸಿ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ಪೈಪು: ಕ್ಲಾಂಪಿನ ಬಳಿ ಎಣ್ಣೆ ಪಸೆ, ಆಕ್ಸಲರೇಟರ್ ಒತ್ತಿದಾಗ ಸುಯ್ ಎಂಬ ಸದ್ದು, ಜೊತೆಗೆ ಕಪ್ಪು ಹೊಗೆ ಇದ್ದರೆ ಗಾಳಿ ಸೋರುತ್ತಿರುವ ಲಕ್ಷಣ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ನೀರನ್ನು ತಪ್ಪದೆ ಬಸಿಯಿರಿ.