ಎರೆಹೊಲದಲ್ಲಿ ನಡೆಯಬೇಕಾದ ಸೈನಿಕ ರೋಬೋಟ್

ನಾನು ಬರೆಯುತ್ತಿರುವ ವೈಜ್ಞಾನಿಕ ಕಾದಂಬರಿಯಲ್ಲಿ ಒಂದು ಸೈನಿಕ ರೋಬೋಟ್ ಇದೆ. ಸೇನೆಯ ದಾಖಲೆಯಲ್ಲಿ ಅದಕ್ಕಿರುವುದು ಬರೀ ಒಂದು ಸಂಖ್ಯೆ. ಅದರ ಜೊತೆ ನಡೆಯುವ ಜವಾನರು ಅದನ್ನು ಎತ್ತಿನ ತಳಿಯೊಂದರ ಹೆಸರು ಹಿಡಿದು ಖಿಲಾರಿ ಎಂದು ಕರೆಯುತ್ತಾರೆ. ಕಥೆ ನಡೆಯುವುದು 2080ರ ದಶಕದಲ್ಲಿ, ವಿಜಯಪುರ ಜಿಲ್ಲೆಯ ಡೋಣಿ ನದಿಯ ಎರಡೂ ದಂಡೆಗಳ ಎರೆಹೊಲಗಳಲ್ಲಿ. ಇಂಥ ಯಂತ್ರಗಳ ಕಥೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಅದು ಒಂದು ದಿನ ಮನುಷ್ಯನ ಮಾತು ಮೀರಿ ತಿರುಗಿ ಬೀಳುತ್ತದೆಯೇ? ಆ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುವ ಯಂತ್ರವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಅಂಥ ಯಂತ್ರಕ್ಕೆ ಆ ಮಾತನ್ನು ಹೇಳುವವನು ಎಲ್ಲಿ ನಿಂತಿದ್ದಾನೆ, ಯುದ್ಧದ ಬಿಸಿ ಅವನ ಮೈಗೆ ಎಷ್ಟು ತಟ್ಟುತ್ತದೆ ಎಂಬುದನ್ನು ಬರೆಯಬೇಕೆಂದೇ ನಾನು ಈ ಕಾದಂಬರಿಗೆ ಕೈಹಾಕಿದ್ದು.

ಆದರೆ ಅದಕ್ಕೂ ಮೊದಲು ಯಂತ್ರ ನಮ್ಮ ನೆಲದ ಮೇಲೆ ನಿಲ್ಲಬೇಕಲ್ಲ. ಎರಡು ಕಾಲಿನ ದೈತ್ಯಾಕಾರದ ಉಕ್ಕಿನ ಯೋಧನನ್ನು ಚಿತ್ರದಲ್ಲಿ ನೋಡುವುದಕ್ಕೆ ಚೆನ್ನ. ಆರು ಅಡಿಯ, 70 ಕೆಜಿ ತೂಕದ ಮನುಷ್ಯನನ್ನು ಎಲ್ಲ ಕಡೆಯಿಂದಲೂ ಹತ್ತು ಪಟ್ಟು ಹಿಗ್ಗಿಸಿದರೆ ಎತ್ತರ 60 ಅಡಿಯಾಗುತ್ತದೆ, ತೂಕ ಸಾವಿರ ಪಟ್ಟು ಹೆಚ್ಚಿ 70 ಟನ್ ಆಗುತ್ತದೆ, ಪಾದದ ವಿಸ್ತಾರ ಮಾತ್ರ ನೂರೇ ಪಟ್ಟು ಹೆಚ್ಚುತ್ತದೆ. ಅಂದರೆ ನೆಲದ ಮೇಲೆ ಬೀಳುವ ಒತ್ತಡ ಹತ್ತು ಪಟ್ಟು. ಅದೂ ಮನುಷ್ಯನ ಮೈಯಷ್ಟೇ ಹಗುರವಾದ ವಸ್ತುವಿನಿಂದ ಮಾಡಿದ್ದರೆ. ಉಕ್ಕಿನದಾದರೆ ಇನ್ನೂ ಹೆಚ್ಚು. ಮಳೆ ಬಿದ್ದ ಎರೆಹೊಲದಲ್ಲಿ ಇಂಥದ್ದೊಂದು ಯಂತ್ರ ಮೊದಲ ಹೆಜ್ಜೆಯಲ್ಲೇ ಹೂತುಹೋಗುತ್ತದೆ. ಡೋಣಿ ಸಾಲಿನ ಎರೆ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಹಸಿ ಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗೆ ಗೊತ್ತು: ಮಣ್ಣು ಚಪ್ಪಲಿಯ ಅಡಿಗೆ ಮೆತ್ತಿಕೊಳ್ಳುತ್ತದೆ, ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಾಲು ಎತ್ತುವುದೇ ಒಂದು ಕೆಲಸವಾಗುತ್ತದೆ, ಕೊನೆಗೆ ಚಪ್ಪಲಿ ಕೈಗೆ ಬರುತ್ತದೆ. ಬೆಳೆದರೆ ಓಣಿ ತುಂಬ ಕಾಳು ಕೊಡುವ ಈ ನೆಲ ಗಾಲಿಗಳನ್ನು ಮಾತ್ರ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಆದ್ದರಿಂದ ಖಿಲಾರಿಗೆ ಆರು ಕಾಲು ಕೊಟ್ಟೆ. ಮೂರು ಕಾಲು ಮೇಲೆದ್ದಾಗ ಉಳಿದ ಮೂರು ಯಾವಾಗಲೂ ನೆಲದಲ್ಲಿರುತ್ತವೆ; ಹೊರೆ ಸೇರಿ ತೂಕ 360 ಕೆಜಿ, ಒಂದೊಂದು ಪಾದ 600 ಚದರ ಸೆಂಟಿಮೀಟರ್, ಹಾಗಾಗಿ ನಡೆಯುವಾಗ ಚದರ ಸೆಂಟಿಮೀಟರಿಗೆ ಬೀಳುವುದು 200 ಗ್ರಾಂ ಮಾತ್ರ. ಪಾದದ ಆಕಾರವನ್ನು ಎತ್ತಿನಿಂದಲೇ ತೆಗೆದುಕೊಂಡೆ, ಜವಾನರು ಆ ಹೆಸರಿಟ್ಟದ್ದಕ್ಕೂ ಅದೇ ಕಾರಣ. ಎತ್ತಿನ ಸೀಳುಗೊರಸು ಕೆಸರಿನಲ್ಲಿ ಊರಿದಾಗ ಅಗಲವಾಗುತ್ತದೆ, ಎತ್ತುವಾಗ ಎರಡೂ ಹೋಳುಗಳು ಒಂದಕ್ಕೊಂದು ಸರಿದು ಕಿರಿದಾಗುತ್ತವೆ. ಆಗ ಪಕ್ಕದಿಂದ ಗಾಳಿ ಒಳನುಗ್ಗಿ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಖಿಲಾರಿಯ ಪಾದವೂ ಹಾಗೆಯೇ ಎರಡು ಹೋಳು. ಇನ್ನು ಬಿಸಿಲು: ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುವುದು ಹೊಸದಲ್ಲ, ಬಿಸಿಲಲ್ಲಿ ನಿಂತ ಲೋಹ ಅದಕ್ಕಿಂತಲೂ ಕಾಯುತ್ತದೆ, ಇವತ್ತಿನ ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡುವುದು ಸಾಮಾನ್ಯವಾಗಿ ಸಲ್ಲದು. ಅದಕ್ಕಾಗಿ ನನ್ನ ಕಥೆಯ ದಂಡು ರಾತ್ರಿ ಚಾರ್ಜ್ ಮಾಡಿಕೊಂಡು ನಸುಕಿನಲ್ಲಿ ಹೊರಡುತ್ತದೆ.

ನಿಜವಾದ ಯುದ್ಧಯಂತ್ರಗಳ ಇತಿಹಾಸವನ್ನು ಓದುತ್ತಾ ಹೋದಂತೆ ನನ್ನ ಗಮನ ಸೆಳೆದದ್ದು ಆ ಯಂತ್ರಗಳಿಗಿಂತ ಅವುಗಳನ್ನು ನಡೆಸುವವನ ಜಾಗ. 1939-40ರ ಚಳಿಗಾಲದಲ್ಲಿ ಸೋವಿಯತ್ ಸೇನೆ ಫಿನ್ಲೆಂಡಿನ ಮೇಲೆ ಚಾಲಕರಿಲ್ಲದ ಟ್ಯಾಂಕುಗಳನ್ನು ಬಿಟ್ಟಿತು. ರೇಡಿಯೊ ಮೂಲಕ ಅವುಗಳನ್ನು ನಡೆಸುತ್ತಿದ್ದವನು ಹಿಂದಿನಿಂದ ಬರುತ್ತಿದ್ದ ಇನ್ನೊಂದು ಟ್ಯಾಂಕಿನಲ್ಲಿ ಕೂತಿರುತ್ತಿದ್ದ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬಳಸಿದ ಗೋಲಿಯಾತ್ ಎಂಬ ಪುಟ್ಟ ಸರಪಳಿ ಗಾಡಿ ಸ್ಫೋಟಕ ಹೊತ್ತು, ತನ್ನನ್ನು ನಡೆಸುವ ತಂತಿಯನ್ನು ಹಿಂದೆ ಬಿಚ್ಚಿಕೊಳ್ಳುತ್ತಾ ಹೋಗುತ್ತಿತ್ತು. ತಂತಿ ತುಂಡಾದರೆ ಗಾಡಿ ಅಲ್ಲೇ ನಿಂತಿತು. ನಮ್ಮ ಡಿಆರ್‌ಡಿಒ ಬಾಂಬ್ ನಿಷ್ಕ್ರಿಯಗೊಳಿಸಲೆಂದು ರೂಪಿಸಿದ ದಕ್ಷ್ ರೋಬೋಟನ್ನು ನಡೆಸುವವನೂ ಕೆಲವೇ ನೂರು ಮೀಟರ್ ದೂರದಲ್ಲಿರುತ್ತಾನೆ. 2025ರ ಜನವರಿಯಲ್ಲಿ ಪುಣೆಯ ಸೇನಾ ದಿನದ ಪಥಸಂಚಲನದಲ್ಲಿ ನಾಲ್ಕು ಕಾಲಿನ ಯಂತ್ರಗಳು ಸಾಲಾಗಿ ನಡೆದವು. ಈ ನಡುವೆ ಡ್ರೋನ್‌ಗಳು ಬಂದು, ಗುಂಡಿ ಒತ್ತುವವನು ಬೇರೆ ಖಂಡದಲ್ಲೇ ಕೂರಬಹುದಾದ ಕಾಲವೂ ಬಂದಿದೆ.

ಈ ದೂರದ ವಿಚಾರಕ್ಕೆ ವಿಜಯಪುರದಲ್ಲಿ ಕಣ್ಣಿಗೆ ಕಾಣುವ ಸಾಕ್ಷಿಯೊಂದಿದೆ. ಊರ ಪಶ್ಚಿಮದ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಹೆಚ್ಚು. ಬಾಯಿಯ ಕಡೆ ಸಿಂಹದ ಮುಖ, ಅದರ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ. ಜನ ಆ ಕೆತ್ತನೆಯ ಮುಂದೆ ಫೋಟೊ ತೆಗೆಸಿಕೊಂಡು, ಲೋಹವನ್ನು ಬೆರಳಿನಿಂದ ಬಡಿದು ಅದರ ನಾದ ಕೇಳಿ ಇಳಿದುಬಿಡುತ್ತಾರೆ. ನಾನು ಹೆಚ್ಚು ಹೊತ್ತು ನಿಲ್ಲುವುದು ತೋಪಿನ ಪಕ್ಕದ ಸಣ್ಣ ನೀರಿನ ತೊಟ್ಟಿಯ ಹತ್ತಿರ. ಬತ್ತಿಗೆ ಬೆಂಕಿ ಹಚ್ಚಿದವನು ಕಿವಿ ಹರಿಯುವ ಆ ಸಪ್ಪಳದಿಂದ ಪಾರಾಗಲು ತಕ್ಷಣ ಆ ನೀರಿನಲ್ಲಿ ಮುಳುಗುತ್ತಿದ್ದನೆಂದು ಹೇಳುತ್ತಾರೆ. ಆ ತೋಪು ಮಾಡಬಹುದಾದ ಕೇಡು ಎಷ್ಟೇ ದೊಡ್ಡದಿರಲಿ, ಅದನ್ನು ಸಿಡಿಸುವವನು ಅದರ ಮಗ್ಗುಲಲ್ಲೇ ಇರಬೇಕಿತ್ತು. ಸಿಡಿತದ ಒಂದು ಪಾಲು ಅವನ ಮೈಗೂ ಬರುತ್ತಿತ್ತು.

ಖಿಲಾರಿಯ ಮುಖ್ಯ ನಿಯಮ ಹುಟ್ಟಿದ್ದು ಆ ತೊಟ್ಟಿಯಿಂದ. ಅದು ಹೊರೆ ಹೊರಬಲ್ಲದು, ಗಾಯಾಳುಗಳನ್ನು ತರಬಲ್ಲದು, ದಾರಿ ಹುಡುಕಬಲ್ಲದು; ಇವಕ್ಕೆ ಯಾರ ಅಪ್ಪಣೆಯೂ ಬೇಡ. ಗುಂಡು ಹಾರಿಸಬೇಕಾದರೆ ಮಾತ್ರ ಅನುಮತಿ ಕೊಡುವ ಜವಾನ 150 ಮೀಟರಿನೊಳಗೆ ಇರಲೇಬೇಕು. ಇದನ್ನು ದೂರದಿಂದ ಮೋಸಗೊಳಿಸಲಾಗದಂತೆ ಮಾಡುವ ದಾರಿ ಭೌತಶಾಸ್ತ್ರದಲ್ಲೇ ಇದೆ. ಯಂತ್ರ ಒಂದು ಪ್ರಶ್ನೆಯನ್ನು ರೇಡಿಯೊದಲ್ಲಿ ಕಳಿಸುತ್ತದೆ, ಜವಾನನ ಸೊಂಟದಲ್ಲಿರುವ ಸಾಧನ ಮರುಕ್ಷಣವೇ ಉತ್ತರಿಸುತ್ತದೆ. ರೇಡಿಯೊ ತರಂಗ ಬೆಳಕಿನ ವೇಗದಲ್ಲಿ 150 ಮೀಟರ್ ಹೋಗಿ ಬರಲು ಹಿಡಿಯುವ ಕಾಲ 1 ಮೈಕ್ರೋಸೆಕೆಂಡ್. ಉತ್ತರ ಅದಕ್ಕಿಂತ ತಡವಾದರೆ ಬಂದೂಕಿನ ಕೀಲಿ ತೆರೆಯುವುದಿಲ್ಲ. ರಾಜಧಾನಿಯಲ್ಲಿ ಕೂತ ಅಧಿಕಾರಿ ನಡುವೆ ಎಷ್ಟು ಗೋಪುರ, ಎಷ್ಟು ಉಪಗ್ರಹ ಇಟ್ಟರೂ ತಡವನ್ನು ಹೆಚ್ಚಿಸಬಲ್ಲನೇ ಹೊರತು ಕಡಿಮೆ ಮಾಡಲಾರ. ವೈಜ್ಞಾನಿಕ ಕಥೆ ಬರೆಯುವವನಿಗೆ ಇಂಥ ಗಟ್ಟಿ ಗೋಡೆಯೊಂದು ಸಿಕ್ಕರೆ ಆಗುವ ಸಂತೋಷವೇ ಬೇರೆ, ಏಕೆಂದರೆ ಕಥೆಗಾರ ಕೂಡ ಅದನ್ನು ತನಗೆ ಬೇಕಾದಂತೆ ಸರಿಸಲಾರ.

ಆದರೂ ಆ ಗೋಡೆಗೆ ಒಂದು ಕಿಂಡಿ ಇದೆ, ಕಾದಂಬರಿಯ ನಡುಭಾಗವೆಲ್ಲ ಆ ಕಿಂಡಿಯದೇ. ಜವಾನರು ಸಾಯುವುದನ್ನು ನೋಡಿ ನೊಂದ ಒಬ್ಬ ಮೇಜರ್, ಆ ಸಾಧನವನ್ನು ಜವಾನನ ಸೊಂಟದಿಂದ ಬಿಚ್ಚಿಸಿ ಖಿಲಾರಿಯ ಬೆನ್ನಿಗೇ ಹಗ್ಗದಿಂದ ಕಟ್ಟಿಸುತ್ತಾನೆ. ಅನುಮತಿ ಕೊಡುವ ಅದರ ಗುಂಡಿಯನ್ನು ಈಗ ದೂರದ ಹಿಂದಿನ ಠಾಣ್ಯದಿಂದಲೇ ಒತ್ತಬಹುದು. ಯಂತ್ರದ ಲೆಕ್ಕದಲ್ಲಿ ಮಾತ್ರ ಮನುಷ್ಯ ಒಂದು ಗೇಣು ದೂರದಲ್ಲೇ ಇದ್ದಾನೆ. ಆ ಮೇಜರನನ್ನು ಕೆಟ್ಟವನನ್ನಾಗಿ ಚಿತ್ರಿಸಲು ನನಗೆ ಮನಸ್ಸಿಲ್ಲ. ತನ್ನ ಹುಡುಗರನ್ನು ಉಳಿಸಬೇಕೆಂಬ ಅವನ ಆಸೆ ನಿಜವಾದದ್ದು, ಆ ಹಗ್ಗದಿಂದಾಗಿ ಅವರಲ್ಲಿ ಹಲವರು ಬದುಕಿ ಮನೆಗೂ ಹೋಗುತ್ತಾರೆ. ಆದರೆ ಡೋಣಿಯ ಆಚೆ ದಂಡೆಯ ಜೋಳದ ಹೊಲದಲ್ಲಿ ಅಡಗಿದ್ದವರು ಸೈನಿಕರೋ ಒಕ್ಕಲಿಗರೋ ಎಂದು ಕಣ್ಣಾರೆ ನೋಡಿ ಹೇಳಬಲ್ಲವರು ಯಾರೂ ಅಲ್ಲಿ ಉಳಿದಿರುವುದಿಲ್ಲ. ಆ ಕಿಂಡಿಯನ್ನು ಮುಚ್ಚಲು ನಾಡಿಬಡಿತ ಅಳೆಯುವ ಉಪಕರಣವನ್ನೋ ಬೆರಳಚ್ಚನ್ನೋ ಸೇರಿಸಬಹುದಿತ್ತು. ಸೇರಿಸಲಿಲ್ಲ. ಇಲ್ಲಿ ತೀರ್ಮಾನ ಮನುಷ್ಯನೊಬ್ಬನದೇ ಆಗಬೇಕೆಂಬುದು ನನ್ನ ಹಟ. ಒಂದು ನಸುಕಿನಲ್ಲಿ ಖಿಲಾರಿಯ ಜೊತೆಗಾರ ಜವಾನ ಆ ಹಗ್ಗ ಬಿಚ್ಚಿ, ಸಾಧನವನ್ನು ಮತ್ತೆ ತನ್ನ ಸೊಂಟಕ್ಕೆ ಕಟ್ಟಿಕೊಂಡು ಅದರ ಹಿಂದೆ ಹೊಳೆ ದಾಟುತ್ತಾನೆ. ಆಜ್ಞೆ ಮೀರಿದ ಅಪರಾಧಕ್ಕೆ ಅವನು ಕೋರ್ಟ್ ಮಾರ್ಷಲ್ ಎದುರಿಸುವ ಅಧ್ಯಾಯವನ್ನು ಈಗ ಬರೆಯುತ್ತಿದ್ದೇನೆ. ಅಲ್ಲಿ ಅವನ ಪರವಾಗಿ ಸಾಕ್ಷಿ ಹೇಳುವವನು ಅದೇ ಮೇಜರ್.